ಫಿನಾಯಿಲ್ ಬಿಟ್ಟು ಅಂಟವಾಳ ಹಿಡಿದ ನನ್ನ ಅನುಭವ

ನಮ್ಮದು ಕಲಬುರಗಿಯ ಮೆಥೋಡಿಸ್ಟ್ ಕ್ರೈಸ್ತ ಮನೆತನ. ದೇಹ ಪವಿತ್ರಾತ್ಮನ ಆಲಯ ಅಂತ ಬೈಬಲ್ಲಿನ 1 ಕೊರಿಂಥ 6:19ರಲ್ಲಿ ಇದೆಯಲ್ಲ, ಆ ವಚನವನ್ನು ಸಾಮಾನ್ಯವಾಗಿ ಕುಡಿತ, ಗುಟ್ಕಾ ಬಿಡಿಸಲು ಹೇಳುತ್ತಾರೆ. ಅಷ್ಟಕ್ಕೇ ಯಾಕೆ ನಿಲ್ಲಿಸಬೇಕು? ಅತ್ತೆಯವರಿಗೆ ದಮ್ಮಿನ ತೊಂದರೆ. ನಾನು ಫಿನಾಯಿಲ್ ಹಾಕಿ ನೆಲ ಒರೆಸಿದರೆ ಅವರಿಗೆ ಕೆಮ್ಮು ಶುರುವಾಗುತ್ತಿತ್ತು. ಆ ವಚನ ನಮ್ಮ ಬಚ್ಚಲಮನೆಗೂ ಸೇರಿದ್ದು ಅಂತ ನನಗೆ ಆಗಲೇ ಅನ್ನಿಸಿತು. ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿ 1747ರಲ್ಲೇ ಬಡವರಿಗಾಗಿ ಮನೆಮದ್ದಿನ ಪುಸ್ತಕ ಬರೆದವರು. ಅದರ ಮದ್ದುಗಳನ್ನೆಲ್ಲ ಇವತ್ತು ನಂಬುವ ಹಾಗಿಲ್ಲ, ಆದರೆ ಮನೆ, ಬಟ್ಟೆ ಚೊಕ್ಕವಾಗಿಡಿ ಅನ್ನುವ ಮಾತು ಈಗಲೂ ನಿಜ.

ಮೊದಲು ಬಿಟ್ಟಿದ್ದು ಆಸಿಡ್. ನಮ್ಮ ಕಡೆ ಮನೆಮನೆಯಲ್ಲೂ ನೆಲಕ್ಕೆ ಶಹಾಬಾದ್ ಪರಸಿ ಇರುತ್ತದೆ. ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಬುರುಗೆದ್ದು ಕಲ್ಲೇ ಸವೆಯುತ್ತದೆ, ಆಮೇಲೆ ಆ ಒರಟು ಜಾಗದಲ್ಲೇ ಕೊಳೆ ಜಾಸ್ತಿ ಕೂರುತ್ತದೆ. ನಿಂಬೆರಸ, ವಿನೆಗರ್ ಕೂಡ ಈ ಕಲ್ಲಿಗೆ ಬೇಡ. ಬೋರ್ ನೀರಿನಿಂದ ಸ್ಟೀಲ್ ನಲ್ಲಿಗೆ ಕಟ್ಟುವ ಬಿಳಿ ಪದರಕ್ಕೆ ಮಾತ್ರ ಹಿಂಡಿದ ನಿಂಬೆಹೋಳು ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತೇನೆ. ಅಡುಗೆ ಸೋಡಾ, ವಿನೆಗರ್ ಎರಡನ್ನೂ ಬೆರೆಸುವುದು ಸುಮ್ನೆ ದಂಡ, ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ.

ನೆಲಕ್ಕೆ, ಪಾತ್ರೆಗೆ ಅಂಟವಾಳ. ಕಿರಾಣಿ ಅಂಗಡಿಯಲ್ಲಿ ರೀಠಾ ಅಂತ ಕೇಳಿದರೂ ಕೊಡುತ್ತಾರೆ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಬೇಕು. ಕಂದು ಬಣ್ಣದ ನೀರು ಬರುತ್ತದೆ, ಅಲ್ಲಾಡಿಸಿದರೆ ನೊರೆ. ಕಾಯಿಯಲ್ಲಿರುವ ಸಪೋನಿನ್ ಅನ್ನುವ ನೊರೆಯ ಅಂಶ ಜಿಡ್ಡು ಬಿಡಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಬೇಗ ಹುಳಿ ವಾಸನೆ ಬರುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಕಣ್ಣಿಗೆ ಸಿಡಿದರೆ ವಿಪರೀತ ಉರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಆದರೆ ಅಂಟವಾಳ ಕೊಳೆ ತೆಗೆಯುತ್ತದೆಯೇ ಹೊರತು ರೋಗಾಣು ಕೊಲ್ಲುವ ಔಷಧವಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದರೆ ನಾನು ಬ್ಲೀಚಿಂಗ್ ಪೌಡರನ್ನೇ ಬಳಸುತ್ತೇನೆ, ಅತ್ತೆಯವರನ್ನು ಹೊರಗೆ ಕೂರಿಸಿ, ಕಿಟಕಿ ತೆರೆದಿಟ್ಟು. ಅದರ ಜೊತೆ ಆಸಿಡ್, ವಿನೆಗರ್ ಯಾವುದನ್ನೂ ಸೇರಿಸಬೇಡಿ, ಕ್ಲೋರಿನ್ ಅನ್ನುವ ವಿಷಗಾಳಿ ಏಳುತ್ತದೆ.

ದೇಹ ಆಲಯ ಅಂದಮೇಲೆ ಊಟವೂ ಸೇರಿತು, ಆದರೆ ಅದರದ್ದು ಹೆಚ್ಚು ಹೇಳುವುದಿಲ್ಲ. ಸಂಜೆಯ ಬಿಸ್ಕತ್ತು, ಖಾರಿ ಹೋಗಿ ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ಬೈಬಲ್ಲಿನ ದಾನಿಯೇಲನು ಹತ್ತು ದಿನ ಕಾಯಿಪಲ್ಯ, ನೀರಿನಲ್ಲೇ ಇದ್ದದ್ದು ಅರಸನ ಊಟದಿಂದ ಅಶುದ್ಧನಾಗಬಾರದು ಅಂತ. ಅದನ್ನು ಶುಗರ್ ವಾಸಿಮಾಡುವ ಪಥ್ಯ ಅಂತ ಹೇಳಿಕೊಡುವವರನ್ನು ನಾನು ಒಪ್ಪುವುದಿಲ್ಲ. ಈಸ್ಟರ್‌ಗೆ ಮುಂಚೆ ಬರುವ ಲೆಂಟ್ ಕಾಲದ ಉಪವಾಸದಲ್ಲಿ ಮಾತ್ರೆ ಬಿಡುವುದು ನಂಬಿಕೆಯ ಗುರುತಲ್ಲ. ಶುಗರ್ ಇರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಅತ್ತೆಯವರಿಗೆ ಶುಗರೂ ಇದೆ, ಡಾಕ್ಟರು ಉಪವಾಸ ಬೇಡ ಅಂದರು, ಹಾಗಾಗಿ ಅವರು ಊಟ ಮಾಡಿ, ಮಾತ್ರೆ ತಗೊಂಡು ಪ್ರಾರ್ಥನೆಗೆ ಕೂರುತ್ತಾರೆ.