ಮೂರು ಕಡೆಯ ಸ್ಟಾಕು ಕೂಡಿದ್ದು ನಾಲ್ಕನೇ ಗೋಡೌನಿನಿಂದ

ಮಂಗಳೂರಿನ ಬಂದರಿನಲ್ಲಿ ಅಂಗಡಿ, ಬೈಕಂಪಾಡಿಯಲ್ಲಿ ಗೋಡೌನು, ಮಲ್ಪೆಯಲ್ಲಿ ಬ್ರಾಂಚು. ಮಾಲು ಮೀನುಗಾರಿಕೆ ಬೋಟಿನವರಿಗೆ ಬೇಕಾದದ್ದು: ಹಗ್ಗ, ಶ್ಯಾಕಲ್ (ಕಬ್ಬಿಣದ ಕೊಂಡಿ), ಬೋಲ್ಟು, ಗ್ರೀಸು. ಮೂರೂ ಕಡೆ ಇರುವ ಮಾಲಿಗೂ ಪುಸ್ತಕದ ಲೆಕ್ಕಕ್ಕೂ ತಾಳೆ ಮಾಡಿಸುತ್ತೇನೆ ಎಂದಾಗ ಅಣ್ಣನೇ ನಂಬಲಿಲ್ಲ. ಮೊದಲೆಲ್ಲ ಮಾರ್ಚಿನಲ್ಲಿ ಎಣಿಸಿದರೆ ಮೂರು ಲಕ್ಷದಷ್ಟು ವ್ಯತ್ಯಾಸ. ಈ ಸಲ ಹನ್ನೊಂದೋ ಹನ್ನೆರಡೋ ಸಾವಿರ, ಅಷ್ಟೇ.

ಪೆಟ್ಟು ಬಿದ್ದದ್ದು ಮೂರು ವರ್ಷದ ಹಿಂದೆ. ಜುಲೈ 31ಕ್ಕೆ ಯಾಂತ್ರಿಕ ಬೋಟುಗಳಿಗೆ ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುತ್ತದೆ, ಅದರ ಹಿಂದಿನ ವಾರವೇ ನಮ್ಮ ಸೀಸನ್. ಮಲ್ಪೆಯಲ್ಲಿ 18 ಎಂಎಂ ಹಗ್ಗ ಕಂಪ್ಯೂಟರಿನಲ್ಲಿ 40 ಕಾಯಿಲ್ (ಸುರುಳಿ), ಬ್ರಾಂಚಿನಲ್ಲಿ ಇದ್ದದ್ದು 12. ಹಳೇ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಬೇರೆ ಅಂಗಡಿಯಿಂದ ಚಿಲ್ಲರೆ ರೇಟಿಗೆ ತಂದು ಕೊಟ್ಟೆವು. ಸುಮಾರು 45 ಸಾವಿರ ಹೋಯಿತು. ಉಳಿದ 28 ಕಾಯಿಲ್ ಹದಿನೈದು ದಿನ ಕಳೆದು ಬಂದರಿನ ಅಟ್ಟದಲ್ಲಿ ಸಿಕ್ಕಿತು. ಗಾಡಿ ಮೊದಲು ಅಲ್ಲಿಗೆ ಹೋಗಿತ್ತು, ಜೋರು ಮಳೆಗೆ ಹುಡುಗರು ಎಲ್ಲವನ್ನೂ ಅಲ್ಲೇ ಇಳಿಸಿದ್ದರು. ಎಂಟ್ರಿ ಮಾತ್ರ ಲೋಡ್ ಮಾಡುವಾಗಲೇ ಮಲ್ಪೆಗೆ ಬಿದ್ದಿತ್ತು.

ಆಗ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ‘ದಾರಿ’ ಎಂದು ನಾಲ್ಕನೇ ಗೋಡೌನು ತೆರೆದೆ, ಲೆಕ್ಕದಲ್ಲಿ ಮಾತ್ರ ಇರುವಂಥದ್ದು. ಹೊರಟ ಮಾಲು ‘ದಾರಿ’ಗೆ. ಇಳಿಸಿಕೊಂಡವರು ತೂಗಿ ಒಪ್ಪಿದ ಮೇಲೆಯೇ ಅವರ ಲೆಕ್ಕಕ್ಕೆ. ಸಂಜೆ ಏಳಕ್ಕೆ ‘ದಾರಿ’ ಖಾಲಿ ಇಲ್ಲದಿದ್ದರೆ ಡ್ರೈವರಿಗೆ ಫೋನು. ಡಬಲ್ ಕೆಲಸ ಎಂದು ಅಕೌಂಟೆಂಟ್ ಗೊಣಗಿದರು. ಲೋಡಿಗೆ ಐದು ನಿಮಿಷ ಹೆಚ್ಚು, ಹೌದು.

ತುಂಬ ಕಾಡಿದ್ದು ಬಿಚ್ಚಿದ ಕಾಯಿಲು. ಕತ್ತರಿಸಿ ಕೊಟ್ಟ ಮೇಲೆ ಉಳಿದದ್ದನ್ನು ತೂಗಿ, ಬಿಳಿ ಬಟ್ಟೆಯ ಚೂರಿನಲ್ಲಿ ಮಾರ್ಕರಿನಿಂದ ಬರೆದು, ತುದಿಗೇ ಕಟ್ಟಿಸುತ್ತೇನೆ. ಒಂದು ತಕ್ಕಡಿಗೂ ಇನ್ನೊಂದಕ್ಕೂ 200 ಗ್ರಾಂ ವ್ಯತ್ಯಾಸ ಇತ್ತು, ಮೂರು ಕಡೆಗೂ ಒಂದೇ ಕಂಪೆನಿಯದ್ದು ತಂದೆ.

ಬಾರ್‌ಕೋಡಿಗೂ 30 ಸಾವಿರ ಸುರಿದಿದ್ದೆ. ಗ್ರೀಸಿನ ಕೈ, ಮಳೆಗಾಲದ ತೇವ. ಲೇಬಲ್ ವಾರವೂ ನಿಲ್ಲಲಿಲ್ಲ. ಈಗ ಪೇಂಟ್ ಡಬ್ಬಿಗೆ ಮಾತ್ರ.

ನಿಷೇಧದಲ್ಲಿ ದಪ್ಪ ಹಗ್ಗ ಬೈಕಂಪಾಡಿಗೆ ವಾಪಸ್. ನಾಡದೋಣಿಯವರಿಗೆ ಬೇಕಾದ ಸಪೂರ ಹಗ್ಗ ಮಾತ್ರ ಮಲ್ಪೆಯಲ್ಲಿ. ಆಗಸ್ಟಿಗೆ ಎಷ್ಟು ಬೇಕೆಂದು ಜೂನಿನಲ್ಲೇ ಅಂದಾಜು ಮಾಡುವ ನನ್ನದೊಂದು ಕ್ರಮ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ.

ಕಳೆದ ಜುಲೈ ಕೊನೆಗೆ ಅದೇ ಗಿರಾಕಿ, ಅದೇ 18 ಎಂಎಂ. ಹುಡುಗ ಕಂಪ್ಯೂಟರ್ ನೋಡಿ, “ದಾರಿಯಲ್ಲಿ ಆರು ಕಾಯಿಲ್ ಉಂಟು, ಕೂತ್ಕೊಳ್ಳಿ” ಎಂದ. ಗಾಡಿ ಆಗ ಪಡುಬಿದ್ರೆ ದಾಟಿತ್ತು. ಅವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಾಲು ಇಳಿಯಿತು.