ಪಚ್ಚೆ ಉಂಗುರಕ್ಕೆ ಬಿಸಿನೀರು ಬೇಡ

ಪಚ್ಚೆ, ವಜ್ರ ಎರಡೂ ಇರುವ ಉಂಗುರ ನಿಮ್ಮ ಹತ್ತಿರ ಇದೆಯಾ? ಹಾಗಿದ್ದರೆ ತೊಳೆಯುವ ಮೊದಲು ಇದನ್ನೊಮ್ಮೆ ಓದಿ. ನಾನು ಕೆಡಿಸಿಕೊಂಡು ಕಲಿತ ಪಾಠ ಇದು.

ನನ್ನ ಉಂಗುರದ ನಡುವೆ ಚೌಕದ ಪಚ್ಚೆ, ಎರಡೂ ಪಕ್ಕ ಸಣ್ಣ ವಜ್ರಗಳು. ಬೆರಳು ಸುತ್ತುವ ಭಾಗ ಹಳದಿ ಚಿನ್ನ, ವಜ್ರ ಕೂರಿಸಿದ ಕಡೆ ಪ್ಲಾಟಿನಂ. ವಜ್ರದ ಓಲೆಗಳನ್ನು ಬಿಸಿ ಸೋಪಿನ ನೀರಲ್ಲಿ ನೆನೆಹಾಕುವ ಅಭ್ಯಾಸ ನನಗೆ ಮೊದಲಿಂದಲೂ ಇತ್ತು. ಓಲೆಗೆ ಆಗುವುದು ಉಂಗುರಕ್ಕೂ ಆಗುತ್ತದೆ ಅಂದುಕೊಂಡು, ಅದೇ ಹಬೆಯಾಡುವ ಬಟ್ಟಲಿಗೆ ಇದನ್ನೂ ಹಾಕತೊಡಗಿದೆ. ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ಒಂದು ದಿನ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ವಜ್ರ ಫಳಫಳ ಹೊಳೆಯುತ್ತಿದೆ. ಪಚ್ಚೆ ಮಾತ್ರ ಮಂಕಾಗಿದೆ. ಅದರೊಳಗೆ ಕೂದಲೆಳೆಯಂಥ ಬಿಳಿ ಗೆರೆಗಳು! ಅದುವರೆಗೆ ನಾನು ನೋಡಿಯೇ ಇರಲಿಲ್ಲ. ಎದೆ ಧಸಕ್ಕೆಂದಿತು.

ಆ ಗೆರೆಗಳು ಹೊಸದಾಗಿ ಬಂದದ್ದಲ್ಲ. ಪಚ್ಚೆ ಬೆರಿಲ್ ಎಂಬ ಖನಿಜದ ಜಾತಿಯ ಹರಳು. ಕ್ರೋಮಿಯಂ ಇಲ್ಲವೇ ವನೇಡಿಯಂ, ಕೆಲವೊಮ್ಮೆ ಎರಡೂ ಸೇರಿ ಅದಕ್ಕೆ ಹಸಿರು ಬರುತ್ತದೆ. ಭೂಮಿಯೊಳಗೆ ಬೆಳೆಯುವಾಗಲೇ ಅದರಲ್ಲಿ ಸಣ್ಣ ಸಣ್ಣ ಬಿರುಕು ಉಳಿದುಬಿಡುತ್ತವೆ. ಬಿರುಕೇ ಇಲ್ಲದ ಪಚ್ಚೆ ತೀರಾ ಅಪರೂಪ. ಹಾಗಾಗಿ ಮಾರಾಟಕ್ಕೆ ಬರುವ ಹೆಚ್ಚಿನ ಪಚ್ಚೆಗಳ ಬಿರುಕಿಗೆ ಸೀಡರ್ ಮರದ ಎಣ್ಣೆಯನ್ನೋ ಒಂದು ಬಗೆಯ ರಾಳವನ್ನೋ ತುಂಬಿರುತ್ತಾರೆ. ಇದು ಬಹಳ ಹಳೆಯ ಪದ್ಧತಿ. ಕೊಳ್ಳುವವರಿಗೆ ಹೇಳಿ ಮಾಡಿದರೆ ಮೋಸವೇನೂ ಅಲ್ಲ. ಬೆಳಕು ಪಚ್ಚೆಯಲ್ಲೂ ಆ ಎಣ್ಣೆಯಲ್ಲೂ ಹೆಚ್ಚುಕಮ್ಮಿ ಒಂದೇ ತರಹ ಬಾಗುತ್ತದೆ. ಅದಕ್ಕೇ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಬಿಸಿನೀರಿಗೂ ಸೋಪಿಗೂ ಎಣ್ಣೆ ಸೋರಿಹೋದರೆ ಬಿರುಕಿನೊಳಗೆ ಗಾಳಿ ಸೇರಿಕೊಳ್ಳುತ್ತದೆ, ಆಗ ಬಿಳಿ ಗೆರೆ ಎದ್ದು ಕಾಣುತ್ತದೆ.

ಆದ್ದರಿಂದ ಉಂಗುರದಲ್ಲಿ ಎಷ್ಟೇ ವಜ್ರ, ಎಷ್ಟೇ ಚಿನ್ನ ಇರಲಿ, ತೊಳೆಯುವಾಗ ಪಚ್ಚೆಯ ಮಾತೇ ನಡೆಯಬೇಕು. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸೋಪು ಸಾಕು. ಮಗುವಿನ ಹಲ್ಲುಜ್ಜುವ ಬ್ರಷ್‌ನಷ್ಟು ಮೃದುವಾದದ್ದು ಒಂದನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಅದೂ ಹಿಂಬದಿಯಲ್ಲಿ ಜಾಸ್ತಿ. ಉಂಗುರ ಮಗುಚಿ ಹಿಂದಿನ ತೂತುಗಳಲ್ಲಿ ಬ್ರಷ್ ಆಡಿಸಿ. ಪಚ್ಚೆಯ ಮೇಲೆ ಸುಮ್ನೆ ಒಮ್ಮೆ ಸವರಿದರೆ ಆಯಿತು. ಎರಡು ಮೂರು ನಿಮಿಷದಲ್ಲಿ ಮುಗಿಸಿ, ನೆನೆಹಾಕಬೇಡಿ. ನಲ್ಲಿ ಕೆಳಗೆ ಬೇಡ, ಬಟ್ಟಲ ನೀರಲ್ಲೇ ಜಾಲಿಸಿ. ಹರಳು ಸಡಿಲವಾಗಿದ್ದರೆ ಮೋರಿಗೆ ಹೋಗದೆ ಬಟ್ಟಲಲ್ಲೇ ಸಿಗುತ್ತದೆ ಅಲ್ವಾ? ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ.

ಅಂಗಡಿಗಳಲ್ಲಿ ಒಡವೆ ತೊಳೆಯಲು ಜರ್‍ರೆಂದು ನಡುಗುವ ಅಲ್ಟ್ರಾಸಾನಿಕ್ ಯಂತ್ರ ಇರುತ್ತದೆ. ಅದಕ್ಕೆ ಪಚ್ಚೆ ಹಾಕಲು ಬಿಡಲೇಬೇಡಿ. ಹಬೆ ಹಾಯಿಸುವುದೂ ಬೇಡ. ಉಗುರುಬಣ್ಣ ತೆಗೆಯುವ ದ್ರವ, ಸ್ಪಿರಿಟ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇವೆಲ್ಲ ಎಣ್ಣೆಯನ್ನು ಹೊರಗೆಳೆಯುತ್ತವೆ.

ಇನ್ನು ಲೋಹದ ಮಾತು. ಟೂತ್‌ಪೇಸ್ಟ್ ಹಾಕಿ ತಿಕ್ಕುವವರಿದ್ದಾರೆ. ಅದರಲ್ಲಿ ನುಣ್ಣನೆ ಪುಡಿ ಇರುತ್ತದೆ, ಚಿನ್ನದ ಮೇಲೆ ಗೀರು ಬೀಳುತ್ತದೆ. ಪ್ಲಾಟಿನಂ ಮೇಲೂ ಗೀರು ಬೀಳುತ್ತದೆ, ಆದರೆ ಅಲ್ಲಿ ಲೋಹ ಸವೆದುಹೋಗುವುದು ಕಡಿಮೆ, ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಅದಕ್ಕೆ ಚಿಂತೆ ಬೇಡ. ಬಿಳಿ ಚಿನ್ನವಾದರೆ ಸಾಮಾನ್ಯವಾಗಿ ಮೇಲೆ ರೋಡಿಯಂ ಎಂಬ ಬಿಳಿ ಲೋಹದ ಲೇಪ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಸವೆದು ಹಳದಿ ಇಣುಕುತ್ತದೆ, ಮತ್ತೆ ಹಾಕಿಸಬಹುದು. ತೀರಾ ಹಳೆಯ ಉಂಗುರಗಳಲ್ಲಿ ಹಿಂದೆ ಚಿನ್ನ, ಮುಂದೆ ವಜ್ರದ ಕಟ್ಟು ಬೆಳ್ಳಿಯದು ಇರುವುದುಂಟು. ಹಳದಿ ಲೋಹದಲ್ಲಿ ಕೂರಿಸಿದರೆ ವಜ್ರಕ್ಕೂ ಹಳದಿ ಛಾಯೆ ಬರುತ್ತದೆ ಅಂತ ಹಾಗೆ ಮಾಡುತ್ತಿದ್ದರು. ಆ ಬೆಳ್ಳಿ ಕಪ್ಪಾದರೆ ಬೆಳ್ಳಿ ಅದ್ದುವ ದ್ರವಕ್ಕೆ ಹಾಕಬೇಡಿ, ಹರಳಿಗೆ ತಗುಲದಂತೆ ಒಣ ಬಟ್ಟೆಯಿಂದ ಒರೆಸಿ. ಈಜುಕೊಳಕ್ಕಂತೂ ಯಾವ ಉಂಗುರವೂ ಬೇಡ. ಕ್ಲೋರಿನ್ ಚಿನ್ನದಲ್ಲಿ ಬೆರೆಸಿದ ಲೋಹವನ್ನು ತಿನ್ನುತ್ತದೆ, ಹರಳು ಹಿಡಿದ ಕೊಕ್ಕೆಗಳು ಬಡವಾಗುತ್ತವೆ.

ಗಟ್ಟಿತನದ ಮೋಸ್ ಅಳತೆಯಲ್ಲಿ ವಜ್ರ 10, ಪಚ್ಚೆ 7.5ರಿಂದ 8. ಒಂದೇ ಡಬ್ಬಿಯಲ್ಲಿ ವಜ್ರದ ಓಲೆ, ಪಚ್ಚೆ ಉಂಗುರ ಕಲೆಸಿಟ್ಟರೆ ಯಾರು ಯಾರನ್ನು ಗೀರುತ್ತಾರೆ ಅಂತ ಹೇಳಬೇಕಾಗಿಲ್ಲ. ಮೆತ್ತನೆ ಚೀಲದಲ್ಲಿ ಬೇರೆಯೇ ಇಡಿ. ಪಾತ್ರೆ ತೊಳೆಯುವಾಗ, ಭಾರ ಎತ್ತುವಾಗ ತೆಗೆದಿಡಿ, ಒಂದೇ ಪೆಟ್ಟಿಗೆ ಪಚ್ಚೆಯ ಮೂಲೆ ಹಾರಿಹೋಗಬಹುದು. ತಿಂಗಳಿಗೊಮ್ಮೆ ಕಿವಿ ಹತ್ತಿರ ಹಿಡಿದು ಅಲುಗಿಸಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಸಡಿಲ. ಉಣ್ಣೆ ಬಟ್ಟೆಯ ಮೇಲೆ ಎಳೆದಾಗ ನೂಲು ಸಿಕ್ಕಿಕೊಂಡರೆ ಕೊಕ್ಕೆ ಎದ್ದಿದೆ. ಎರಡರಲ್ಲಿ ಯಾವುದಾದರೂ ಕಂಡರೆ ಆವತ್ತೇ ತೊಡುವುದು ನಿಲ್ಲಿಸಿ.

ನನ್ನ ಪಚ್ಚೆಗೆ ಮತ್ತೆ ಎಣ್ಣೆ ಹಾಕಿಸಿದೆ. ಹರಳಿನ ಕೆಲಸ ಬಲ್ಲ ಅಕ್ಕಸಾಲಿಗರು ಅದನ್ನು ಬಿಡಿಸಿ ಮಾಡಿಕೊಟ್ಟರು. ಹಸಿರು ಮರಳಿ ಬಂತು, ಒಂದು ಮೂಲೆಯ ಗೆರೆ ಮಾತ್ರ ಹೋಗಲಿಲ್ಲ. ಇದನ್ನು ಮನೆಯಲ್ಲಿ ಅಡುಗೆ ಎಣ್ಣೆ ಸವರಿ ಮಾಡಲು ಹೋಗಬೇಡಿ, ಜಿಡ್ಡು ಹಿಡಿಯುತ್ತದೆ ಅಷ್ಟೇ.

ಉಂಗುರ ಬಿಗಿಯಾಗಿ ಅಳತೆ ದೊಡ್ಡದು ಮಾಡಿಸುವುದಿದ್ದರೆ ಇನ್ನೂ ಎಚ್ಚರ ಬೇಕು. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಪ್ಲಾಟಿನಂ 1768ರಲ್ಲಿ. ಎರಡೂ ಲೋಹ ಬಲ್ಲವರೇ ಇದಕ್ಕೆ ಕೈ ಹಾಕಬೇಕು. ಬೆಸುಗೆಯ ಬೆಂಕಿ ತಾಗಿದರೆ ಪಚ್ಚೆ ಒಡೆಯಬಹುದು. ಮೊದಲು ಹರಳು ಬಿಡಿಸುತ್ತೀರಾ, ಅಥವಾ ಬಿಸಿ ಸುತ್ತ ಹರಡದ ಲೇಸರ್ ಬೆಸುಗೆ ಮಾಡುತ್ತೀರಾ ಅಂತ ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಉಂಗುರ ವಾಪಸ್ ತನ್ನಿ. ಕೊಡುವ ಮೊದಲು ಪಚ್ಚೆಯನ್ನು ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಒಳಗಿನ ಗೆರೆಗಳು ಪ್ರತಿ ಹರಳಿಗೂ ಬೇರೆ ಬೇರೆ. ಉಂಗುರ ಕೈಗೆ ಬಂದಾಗ ಅಲ್ಲೇ ನಿಂತು ಫೋಟೋ ಜೊತೆ ಹೋಲಿಸಿ ನೋಡಿ.