ಅಗ್ಗದ ರೌಟರ್, ಲುವಾ ಮತ್ತು ನಾನೇ ಬರೆದ ರ‍್ಯಾಪರ್: ನನ್ನ ಅನುಭವ

ಎಂಟು ತಿಂಗಳಾಯಿತು. ಹಾಸನ ಕಡೆಯ 40ಕ್ಕೂ ಹೆಚ್ಚು ಹಾಲಿನ ಡೈರಿಗಳಲ್ಲಿ, ಹಳೇ ರೌಟರ್‌ನಿಂದ ಮಾಡಿದ ನನ್ನ ಡಬ್ಬಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತೂಕ ಓದುತ್ತಿದೆ. ಒಂದೂ ನಿಂತಿಲ್ಲ. "ಇದು ಆಗಲ್ಲ ಗುರು, ದೊಡ್ಡ ಬೋರ್ಡ್ ತಗೋ, ಪೈಥಾನ್ ಹಾಕು" ಅಂದಿದ್ದವರೇ ಈಗ ಕೋಡ್ ಕೇಳುತ್ತಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದೊಡ್ಡ ಬೋರ್ಡ್ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಬೇಡ ಅಂದಿದ್ದು ದುಡ್ಡಿನ ಲೆಕ್ಕದಿಂದ. ಮೆಮೊರಿ ಕಾರ್ಡ್, ಅಡಾಪ್ಟರ್, ಕವಚ ಸೇರಿದರೆ ಒಂದಕ್ಕೆ ಐದು ಸಾವಿರ ದಾಟುತ್ತಿತ್ತು. ಹಳೇ ರೌಟರ್ ಸಗಟಿನಲ್ಲಿ ಸುಮಾರು 900ಕ್ಕೆ ಸಿಕ್ಕಿತು. ತೂಕದ ಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಸೀರಿಯಲ್ ಕೇಬಲ್ 250 ಇರಬೇಕು. 64 ಎಂಬಿ ರ‍್ಯಾಮ್, 16 ಎಂಬಿ ಫ್ಲಾಶ್, ಮಿಪ್ಸ್ ಅನ್ನೋ ಬಗೆಯ ಚಿಪ್ (ಲ್ಯಾಪ್‌ಟಾಪ್‌ನದಕ್ಕಿಂತ ಬೇರೆ). ನಾನು ಹಾಕಿದ ಓಪನ್‌ಡಬ್ಲ್ಯುಆರ್‌ಟಿಯಲ್ಲಿ (ರೌಟರ್‌ಗಳಿಗೆಂದೇ ಇರುವ ಲಿನಕ್ಸ್) ಲುವಾ 5.1 ಅನ್ನೋ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಇತ್ತು. ಆದರೆ ಸೀರಿಯಲ್ ಪೋರ್ಟಿನ ಸ್ಪೀಡ್ ಕೂರಿಸೋದು, ಪೋಲ್ ಮಾಡೋದು (ಡೇಟಾ ಬಂತಾ ಅಂತ ಇಷ್ಟು ಹೊತ್ತು ಅಂತ ಕಾದು ನೋಡೋದು) ಲುವಾಗೆ ಬರಲ್ಲ. ಅಷ್ಟಕ್ಕೆ ಸಿ ಭಾಷೆಯಲ್ಲಿ, ಲಿನಕ್ಸ್‌ನ ಕಾಲ್‌ಗಳನ್ನು ಲುವಾಗೆ ತಲುಪಿಸುವ ಸೇತುವೆಯಂಥ ರ‍್ಯಾಪರ್ ಬರೆದರಾಯಿತು ಅಂದುಕೊಂಡೆ. ಹದಿನಾಲ್ಕು ಕಾಲ್, ಒಂದು ವಾರದ ಕೆಲಸ ಅಂತ ಲೆಕ್ಕ ಹಾಕಿದ್ದೆ. ಮೂರೂವರೆ ತಿಂಗಳು ಹಿಡಿಯಿತು.

ಲ್ಯಾಪ್‌ಟಾಪ್‌ನಲ್ಲಿ ಮೊದಲ ದಿನವೇ ಓಡಿತು. ಓಪನ್‌ಗೆ (ಪೋರ್ಟ್ ತೆರೆಯುವ ಕಾಲ್) ಕೊಡುವ ಫ್ಲಾಗ್‌ಗಳನ್ನು, ಅಂದರೆ ಹೇಗೆ ತೆರೆಯಬೇಕು ಅನ್ನೋ ಸೂಚನೆಗಳನ್ನು, ಲುವಾ ಟೇಬಲ್‌ನಲ್ಲಿ ಅಂಕಿಯಾಗಿ ಬರೆದಿಟ್ಟಿದ್ದೆ. ಓ_ನಾನ್‌ಬ್ಲಾಕ್ (ಡೇಟಾ ಇಲ್ಲದಿದ್ದರೆ ಕಾಯಬೇಡ) ಅಂದರೆ 2048, ಓ_ನೋಸಿಟಿಟಿವೈ (ಈ ಪೋರ್ಟನ್ನು ಪ್ರೋಗ್ರಾಮಿನ ಟರ್ಮಿನಲ್ ಮಾಡಿಕೊಳ್ಳಬೇಡ) ಅಂದರೆ 256. ರೌಟರ್‌ಗೆ ಹಾಕಿದೆ, ಅಲ್ಲೂ ಓಡಿತು. ಮೂರು ಡೈರಿಗಳಲ್ಲಿ ಪರೀಕ್ಷೆಗೆ ಇಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ಡೈರಿ ಸೆಕ್ರೆಟರಿ ಫೋನ್: "ಸರ್, ಲೈಟ್ ಉರೀತಿದೆ, ತೂಕ ಬರ್ತಿಲ್ಲ. ಜನ ಕ್ಯಾನ್ ಹಿಡ್ಕೊಂಡು ನಿಂತಿದ್ದಾರೆ." ಆಫ್ ಮಾಡಿ ಆನ್ ಮಾಡಿಸಿದರೆ ಸರಿಯಾಗುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ.

ಕೊನೆಗೆ ನಾನೇ ಬಸ್ ಹತ್ತಿ ಹೋದೆ. ಲಾಗ್‌ನಲ್ಲಿ "ನಾಟ್ ಎ ಟಿಟಿವೈ" (ಇದು ಟರ್ಮಿನಲ್ ಥರದ ಪೋರ್ಟ್ ಅಲ್ಲ) ಅಂತ ಸಾಲು ಸಾಲಾಗಿ ಬಿದ್ದಿತ್ತು. ಸೀರಿಯಲ್ ಪೋರ್ಟ್ ಟಿಟಿವೈ ಅಲ್ಲದೆ ಇನ್ನೇನು? ಸಾಧನಗಳ ಹೆಸರಿರುವ ಡೆವ್ ಫೋಲ್ಡರಿನ ಪಟ್ಟಿ ತೆಗೆದು ನೋಡಿದೆ. ಪೋರ್ಟಿನ ಹೆಸರಿದೆ, ಆದರೆ ಸಾಲಿನ ಶುರುವಿನಲ್ಲಿ ಸಾಧನ ಅಂತ ತೋರಿಸುವ ‘ಸಿ’ ಇರಬೇಕಾದ ಕಡೆ ಬರೀ ಅಡ್ಡಗೆರೆ. ಗಾತ್ರ ಸೊನ್ನೆ. ಅದು ಮಾಮೂಲಿ ಖಾಲಿ ಫೈಲ್!

ಆಗಿದ್ದು ಇಷ್ಟು. ಈ ಫ್ಲಾಗ್‌ಗಳ ಅಂಕಿ ಮಿಪ್ಸ್‌ನಲ್ಲಿ ಬೇರೆ. ಅಲ್ಲಿ 2048 ಅಂದರೆ ಓ_ನೋಸಿಟಿಟಿವೈ, 256 ಅಂದರೆ ಓ_ಕ್ರಿಯೇಟ್ (ಫೈಲ್ ಇಲ್ಲದಿದ್ದರೆ ಹೊಸದು ಮಾಡು). ನಿಜವಾದ ನಾನ್‌ಬ್ಲಾಕ್ 128. ಕೇಬಲ್ ಸಡಿಲವಾಗಿದ್ದಾಗ ಡಬ್ಬಿ ಆನ್ ಆದರೆ, ಪೋರ್ಟ್ ಇಲ್ಲ ಅಂತ ಎರರ್ ಕೊಡಬೇಕಾದ ಓಪನ್, ಅದೇ ಹೆಸರಲ್ಲಿ ಹೊಸ ಫೈಲ್ ಮಾಡಿಕೊಡುತ್ತಿತ್ತು. ಆಮೇಲೆ ಕೇಬಲ್ ಸರಿಯಾಗಿ ಚುಚ್ಚಿದರೂ ಆ ಹೆಸರಿನ ಜಾಗ ಖಾಲಿ ಇಲ್ಲ. ಕೇಬಲ್ ಸರಿ ಇದ್ದ ಕಡೆ ಇನ್ನೊಂದು ತೊಂದರೆ. ತೂಕದ ಯಂತ್ರ ಸುಮ್ನಾದರೆ ರೀಡ್ ಕಾಯುತ್ತಾ ಕೂತು ಇಡೀ ಲೂಪ್ ನಿಲ್ಲುತ್ತಿತ್ತು. ಈಗ ಅಂಕಿಗಳೆಲ್ಲ ಮಾಡ್ಯೂಲ್ ಲೋಡ್ ಆಗುವಾಗ ಸಿ ಹೆಡರ್‌ನಿಂದಲೇ (ಆಯಾ ಚಿಪ್‌ಗೆ ಸರಿಯಾದ ಅಂಕಿಗಳಿರುವ ಫೈಲ್) ಟೇಬಲ್‌ಗೆ ಬರುತ್ತವೆ. ಎರರ್‌ಗಳನ್ನೂ ನಂಬರ್ ಬದಲು ಹೆಸರಲ್ಲೇ ಕೊಡುತ್ತೇನೆ. ಟೈಮ್‌ಔಟ್ ಎರರ್ ಲ್ಯಾಪ್‌ಟಾಪ್‌ನಲ್ಲಿ 110, ಮಿಪ್ಸ್‌ನಲ್ಲಿ 145.

ಎರಡನೇ ಪೆಟ್ಟು ಲುವಾ ಎರರ್‌ನದು. ಅದು ಲಾಂಗ್‌ಜಂಪ್ ಮಾಡಿ, ಅಂದರೆ ಮುಂದಿನ ಸಾಲುಗಳನ್ನು ಓಡಿಸದೆ, ಸಿ ಕೋಡಿನಿಂದ ನೇರ ಹೊರಗೆ ಹಾರುತ್ತದೆ ಅಂತ ನಮಗೆಲ್ಲ ಗೊತ್ತು. ಗೊತ್ತಿದ್ದೂ ನಾನು ಓಪನ್ ಮಾಡಿದ ಮೇಲೆ ಬಾಡ್ ರೇಟ್ (ಪೋರ್ಟಿನ ಸ್ಪೀಡ್) ಚೆಕ್ ಮಾಡುತ್ತಿದ್ದೆ. ಒಂದು ಕಡೆ ಸೆಟ್ಟಿಂಗ್ ಫೈಲ್‌ನಲ್ಲಿ ಆ ಸಾಲೇ ಇರಲಿಲ್ಲ. ಹತ್ತು ಸೆಕೆಂಡಿಗೊಂದು ಪ್ರಯತ್ನ, ಪ್ರತಿ ಸಲ ಒಂದು ಎಫ್‌ಡಿ (ತೆರೆದ ಫೈಲ್‌ಗೆ ಲಿನಕ್ಸ್ ಕೊಡುವ ನಂಬರ್) ಮುಚ್ಚದೆ ಸೋರಿಕೆ. ಮೂರು ಗಂಟೆಯೊಳಗೆ ಇದ್ದ 1024 ಎಫ್‌ಡಿಯೂ ಮುಗಿದು ಅಪ್‌ಲೋಡ್ ಕೂಡ ನಿಂತಿತು. ಈಗ ಕ್ರಮ ಬದಲಾಗಿದೆ. ಮೊದಲು ಎಲ್ಲ ಆರ್ಗ್ಯುಮೆಂಟ್ ಚೆಕ್. ಆಮೇಲೆ ಎಫ್‌ಡಿ ಮೈನಸ್ ಒಂದು (ಇನ್ನೂ ತೆರೆದಿಲ್ಲ ಅಂತ) ಇಟ್ಟ ಯೂಸರ್‌ಡೇಟಾ, ಅಂದರೆ ಲುವಾ ನೋಡಿಕೊಳ್ಳುವ ಸಿ ಡೇಟಾ. ಅದಕ್ಕೆ ಮೆಟಾಟೇಬಲ್, ಕೊನೆಗೆ ಎಫ್‌ಡಿ ಮುಚ್ಚಿಸುವುದು ಅದೇ. ಓಪನ್ ಕಟ್ಟಕಡೆಗೆ.

ಸಿಗ್ನಲ್ (ಪ್ರೋಗ್ರಾಮಿಗೆ ಲಿನಕ್ಸ್ ನಡುವೆ ಕಳಿಸುವ ಸೂಚನೆ) ಬಂದಾಗ ಪೋಲ್ ಅರ್ಧಕ್ಕೇ ವಾಪಸ್ ಬರುತ್ತದಲ್ವಾ, ನಿಂತ ಕಾಲ್ ತಾನೇ ಮುಂದುವರಿಯಲಿ ಅನ್ನೋ ಎಸ್‌ಎ_ರೀಸ್ಟಾರ್ಟ್ ಹಾಕಿದ್ದರೂ ಅಷ್ಟೇ. ಮತ್ತೆ ಕರೆಯುವಾಗ ಉಳಿದ ಸಮಯವನ್ನಷ್ಟೇ ಕೊಡಬೇಕು. ಅದನ್ನು ಮಾಮೂಲಿ ಗಡಿಯಾರದಿಂದ ಅಳೆದು ಕೆಟ್ಟೆ. ಈ ರೌಟರ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಇಂಟರ್‌ನೆಟ್ ಸಿಕ್ಕ ಕೂಡಲೇ ಟೈಮ್ ತಿಂಗಳುಗಟ್ಟಲೆ ಮುಂದಕ್ಕೆ ಜಿಗಿಯುತ್ತದೆ. ಹೀಗೆ ಜಿಗಿಯದ ಮೊನೊಟಾನಿಕ್ ಗಡಿಯಾರ ಹಾಕಿದ ಮೇಲೆ ಶಾಂತಿ. ಕ್ಲೋಸ್ ಅನ್ನು ಮಾತ್ರ, ಸಿಗ್ನಲ್ ಬಂದು ಅರ್ಧಕ್ಕೆ ನಿಂತರೂ, ಲಿನಕ್ಸ್‌ನಲ್ಲಿ ಎರಡನೇ ಸಲ ಕರೆಯಬೇಡಿ. ಎಫ್‌ಡಿ ಆಗಲೇ ಹೋಗಿರುತ್ತದೆ.

ಲುವಾ 5.1ರಲ್ಲಿ ಪಿಕಾಲ್ (ಎರರ್ ಹಿಡಿಯುವ ಕಾಲ್) ದಾಟಿ ಯೀಲ್ಡ್ ಮಾಡೋಕಾಗಲ್ಲ, ಅಂದರೆ ಅರ್ಧಕ್ಕೆ ನಿಂತು ಬೇರೆ ಕೆಲಸಕ್ಕೆ ಜಾಗ ಬಿಡೋಕಾಗಲ್ಲ. ಹಾಗಾಗಿ ನನ್ನ ಸಿ ಕೋಡ್ ಪೋಲ್ ಒಂದನ್ನು ಬಿಟ್ಟು ಎಲ್ಲೂ ಕಾಯುವುದಿಲ್ಲ. ಖಾಲಿ ಅಂದರೆ ಖಾಲಿ ಅಂತ ಹೇಳಿ ವಾಪಸ್ ಬರುತ್ತದೆ, ಮಿಕ್ಕಿದ್ದು ಲುವಾ ಲೂಪ್‌ನ ಕೆಲಸ. ಪಿಕಾಲ್ ಜಾಗದಲ್ಲಿ ಏನು ಬಳಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಹದಿನೈದು ರಾತ್ರಿ ಹೋಗಿದೆ.

ನಡುವೆ ಎರಡು ವಾರ ಲುವಾದಿಂದಲೇ ಸಿ ಫಂಕ್ಷನ್ ಕರೆಯಲು ಬಿಡುವ ಲುವಾಜಿಟ್ ಎಫ್‌ಎಫ್‌ಐ ಕೂಡ ನೋಡಿದೆ. ಸಿ ಬರೆಯೋದೇ ಬೇಡ, ತುಂಬಾ ಚೆಂದ. ಆದರೆ ಅದು ಹೆಡರ್‌ನ ಮ್ಯಾಕ್ರೋ (ಅಂಕಿಗೆ ಕೊಟ್ಟ ಹೆಸರು) ಓದಲ್ಲ. ಅಂಕಿಗಳನ್ನು ಮತ್ತೆ ಕೈಯಲ್ಲೇ ಬರೆಯಬೇಕು. ಅದೇ 2048ರ ಗುಂಡಿಗೆ ಮತ್ತೆ ಬೀಳಲು ನಾನು ತಯಾರಿರಲಿಲ್ಲ, ಬಿಟ್ಟೆ.

ಖರ್ಚು ಡೈರಿಗೆ 1,400ರ ಆಸುಪಾಸು ಬಿತ್ತು, ಜೊತೆಗೆ ನನ್ನ ಬಸ್ ಚಾರ್ಜ್. 40 ಕಡೆಗೆ ಲೆಕ್ಕ ಹಾಕಿದರೆ ಒಂದು ಲಕ್ಷ ನಲವತ್ತು ಸಾವಿರದಷ್ಟು ಉಳಿಯಿತು. ಮೊನ್ನೆ ಇನ್ನೂ 25 ಡಬ್ಬಿಗೆ ಆರ್ಡರ್ ಬಂತು. ಈ ಸಲ ಸಿಕ್ಕ ರೌಟರ್‌ಗಳು ಮತ್ತೊಂದು ಬಗೆಯ, ಆರ್ಮ್ ಚಿಪ್‌ನವು. ಒಂದು ಸಾಲೂ ತಿದ್ದಲಿಲ್ಲ. ಮತ್ತೆ ಕಂಪೈಲ್ ಮಾಡಿ ಹಾಕಿದೆ, ಕೇಬಲ್ ಕಿತ್ತು ಆನ್ ಮಾಡಿದೆ. ಪೋರ್ಟ್ ಇಲ್ಲ ಅಂತ ಸರಿಯಾಗಿ ಎರರ್ ಕೊಟ್ಟಿತು. ಚುಚ್ಚಿದೆ, ತೂಕ ಬಂತು.